ಅಬಕಾರಿಯ ಹಣ ಮತ್ತು ಚೇತರಿಕೆಯ ಮನೆ



ವ್ಯಸನಮುಕ್ತಿಯ ಕುರಿತ ಸಭೆಗಳಲ್ಲಿ ಸಾಮಾನ್ಯವಾಗಿ ಎರಡು ವಿಷಯಗಳು ಚರ್ಚೆಗೆ ಬರುತ್ತವೆ. ಕುಡಿತದಿಂದಾಗುವ ಹಾನಿ ಒಂದು, ಸರ್ಕಾರ ಪಾನನಿಷೇಧ ತರಬೇಕೆಂಬ ಆಗ್ರಹ ಇನ್ನೊಂದು. ಮುನಿಗಳ ಸಾನ್ನಿಧ್ಯದಲ್ಲಿ ನೂರಾರು ಜನ ಕೈಯೆತ್ತಿ ವ್ರತ ಸ್ವೀಕರಿಸುತ್ತಾರೆ, ನಿರ್ಣಯ ಅಂಗೀಕಾರವಾಗುತ್ತದೆ, ಸಭೆ ಮುಗಿಯುತ್ತದೆ. ಮೂರನೆಯ ಪ್ರಶ್ನೆಯೊಂದು ಪ್ರತಿ ಬಾರಿಯೂ ಉಳಿದುಹೋಗುತ್ತದೆ. ಚಿಕಿತ್ಸೆ ಮುಗಿಸಿ ಆಸ್ಪತ್ರೆಯ ಬಾಗಿಲು ದಾಟಿದ ಮನುಷ್ಯ ಆ ರಾತ್ರಿ ಮಲಗುವುದೆಲ್ಲಿ? ಮುಂದಿನ ಆರು ತಿಂಗಳು ಅವನು ಇರುವುದೆಲ್ಲಿ? ಆ ಜಾಗದ ಬಾಡಿಗೆ ಕೊಡುವವರು ಯಾರು? ಇಂದಿನ ಮಾತು ಈ ಮೂರನೆಯ ಪ್ರಶ್ನೆಗೆ ಮೀಸಲು, ಅದರಲ್ಲೂ ಬಾಡಿಗೆಯ ಲೆಕ್ಕಕ್ಕೆ.

ಮೊದಲು ಸಮಸ್ಯೆಯ ಗಾತ್ರ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಇವರಲ್ಲಿ ಕುಡಿತದ ಸಮಸ್ಯೆಗೆ ನೆರವು ಬೇಕಾದವರು 5.7 ಕೋಟಿ, ಅವರೊಳಗೆ ಮದ್ಯಕ್ಕೆ ಪೂರ್ಣವಾಗಿ ಅವಲಂಬಿತರಾದವರು 2.9 ಕೋಟಿ. ಅದೇ ವರದಿಯಲ್ಲಿ ಇನ್ನೂ ಎರಡು ಅಂಕಿಗಳಿವೆ. ಅವು ಪತ್ರಿಕೆಗಳ ತಲೆಬರಹಕ್ಕೆ ಏರಲಿಲ್ಲ. ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರಕಿದೆ. 180 ಜನರಲ್ಲಿ ಒಬ್ಬರಿಗೆ ಮಾತ್ರ ಒಳರೋಗಿಯಾಗಿ ಚಿಕಿತ್ಸೆ ದೊರಕಿದೆ. ಹೀಗೆ ದುರ್ಲಭವಾಗಿ ಸಿಕ್ಕ ಚಿಕಿತ್ಸೆಯೂ ಮನೆಗೆ ಮರಳಿದ ಕೆಲವೇ ವಾರಗಳಲ್ಲಿ ವ್ಯರ್ಥವಾಗುವುದಾದರೆ, ಅದು ರೋಗಿಯ ನಷ್ಟವಷ್ಟೇ ಅಲ್ಲ, ಖಜಾನೆಯ ನಷ್ಟವೂ ಹೌದು.

ವ್ಯರ್ಥವಾಗುವ ಬಗೆ ಎಲ್ಲರಿಗೂ ಗೊತ್ತಿದ್ದದ್ದೇ. ದೇಹದಿಂದ ಮದ್ಯದ ವಿಷ ಇಳಿಸಲು ಒಂದೆರಡು ವಾರ ಸಾಕು. ಆಪ್ತಸಲಹೆ, ಗುಂಪುಚರ್ಚೆ ಸೇರಿ ಒಂದರಿಂದ ಮೂರು ತಿಂಗಳ ವಾಸ. ಆಮೇಲೆ ಬಿಡುಗಡೆ. ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಮುಂಬಯಿಯಲ್ಲೋ ಪುಣೆಯಲ್ಲೋ ಹಂಚಿಕೊಂಡಿದ್ದ ಕೋಣೆಯಲ್ಲಿ ಬೇರೊಬ್ಬ ಬಂದಿರುತ್ತಾನೆ. ಇಲ್ಲವೆ ಆ ಕೋಣೆಯೇ ಕುಡಿತದ ಗೆಳೆಯರ ಕೋಣೆಯಾಗಿರುತ್ತದೆ. ಅಣ್ಣನ ಮನೆಯಲ್ಲಿ ಅತ್ತಿಗೆಗೆ ಭಯ. ಊರಿಗೆ ಹೋದರೆ ಕೆಲಸವಿಲ್ಲ, ಕೆಲಸವಿಲ್ಲದ ಮಧ್ಯಾಹ್ನಗಳು ಬಹಳ ಉದ್ದ. ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಔಷಧಗಳಲ್ಲಿ ಇದಕ್ಕೆ ಮದ್ದಿಲ್ಲ. ಅವನಿಗೆ ಬೇಕಾದದ್ದು ಕುಡಿಯದವರ ನಡುವೆ ಒಂದು ಮಂಚ, ಬೆಳಗ್ಗೆ ಎದ್ದು ಹೋಗಲು ಒಂದು ಕೆಲಸ, ಸಂಜೆ ಬಂದಾಗ ಮುಖ ನೋಡಿ ಮಾತಾಡಿಸುವ ಇಬ್ಬರು.

ಜೈನ ಕುಟುಂಬಗಳಲ್ಲಿ ಈ ಕಥೆಗೆ ಇನ್ನೊಂದು ತಿರುವು ಇದೆ. ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗ ಬರುತ್ತದೆ, ಸಪ್ತವ್ಯಸನಗಳಲ್ಲಿ ಮದ್ಯಪಾನ ಸೇರಿದೆ. ಆದ್ದರಿಂದ ನಮ್ಮವರಲ್ಲಿ ಕುಡಿಯುವವರೇ ಇಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ನಂಬಿಕೆಗೆ ವಿರುದ್ಧವಾದ ಮಗನೊಬ್ಬ ಮನೆಯಲ್ಲಿದ್ದರೆ ಅವನನ್ನು ಮುಚ್ಚಿಡಲಾಗುತ್ತದೆ. ತಂಗಿಯ ಮದುವೆ ಆಗುವವರೆಗೆ ಸುದ್ದಿ ಹೊರಬೀಳಬಾರದು. ‘ಊರಿನ ತೋಟ ನೋಡಿಕೊಳ್ಳುತ್ತಿದ್ದಾನೆ’ ಎಂಬ ಉತ್ತರ ಸಿದ್ಧವಿರುತ್ತದೆ. ಚಿಕಿತ್ಸೆಯನ್ನು ದೂರದ ಊರಿನಲ್ಲಿ ಕೊಡಿಸಲಾಗುತ್ತದೆ. ಹಣ ನಗದಿನಲ್ಲಿ ಸಂದಾಯವಾಗುತ್ತದೆ. ಮಗಳೋ ಸೊಸೆಯೋ ಆಗಿದ್ದರೆ ಚಿಕಿತ್ಸೆಯೇ ಇಲ್ಲ, ಮುಚ್ಚಿಡುವುದಷ್ಟೇ.

ಇದಕ್ಕೆ ಉಪಗೂಹನದ ಹೆಸರು ಕೊಡುವವರೂ ಇದ್ದಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ ಒಂದು, ಸಹಧರ್ಮಿಯ ದೋಷವನ್ನು ಬೀದಿಗೆ ಎಳೆಯದಿರುವುದು. ಆದರೆ ಅದರ ಮರುಹೆಜ್ಜೆಯಲ್ಲೇ ಸ್ಥಿತಿಕರಣವಿದೆ: ದಾರಿಯಿಂದ ಜಾರುತ್ತಿರುವವನನ್ನು ಹಿಡಿದು ಮತ್ತೆ ನಿಲ್ಲಿಸುವುದು. ಮುಳಗುಂದದ ನಯಸೇನನು 1112ರಲ್ಲಿ ರಚಿಸಿದ ‘ಧರ್ಮಾಮೃತ’ ಈ ಅಂಗಗಳನ್ನು ಕಥೆಗಳ ಮೂಲಕವೇ ತಿಳಿಸುತ್ತದೆ. ಸ್ಥಿತಿಕರಣಕ್ಕೆ ಪರಂಪರೆ ಕೊಡುವ ಉದಾಹರಣೆ ವಾರಿಷೇಣನದು. ಗೆಳೆಯನ ದಾಕ್ಷಿಣ್ಯಕ್ಕೆ ದೀಕ್ಷೆ ಪಡೆದ ಪುಷ್ಪಡಾಲನ ಮನಸ್ಸು ವರ್ಷಗಳು ಕಳೆದರೂ ಮನೆಯ ಕಡೆಗೇ ತಿರುಗಿತ್ತು. ವಾರಿಷೇಣನು ಅವನಿಗೆ ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಜೊತೆಗೇ ನಡೆದ, ತಾನು ಬಿಟ್ಟು ಬಂದ ಅರಮನೆಗೇ ಅವನನ್ನು ಕರೆದೊಯ್ದ, ಅವನ ಮನಸ್ಸು ನೆಲೆಗೊಳ್ಳುವವರೆಗೆ ಕೈಬಿಡಲಿಲ್ಲ. ಮುಚ್ಚುವುದನ್ನು ಚೆನ್ನಾಗಿ ಕಲಿತ ಸಮಾಜವು ನಿಲ್ಲಿಸುವುದನ್ನು ಮರೆತಿದೆ ಎಂದರೆ ಕಠಿಣವಾದ ಮಾತಾಗದು.

ಹೀಗೆ ‘ಜೊತೆಗೆ ಇದ್ದು ನಿಲ್ಲಿಸುವ’ ವ್ಯವಸ್ಥೆಗೆ ಆಧುನಿಕ ರೂಪವೊಂದು ಅಮೆರಿಕದಲ್ಲಿ ಬೆಳೆದಿದೆ. ಅಲ್ಲಿ ಅದನ್ನು ಸೋಬರ್ ಹೋಮ್ ಎನ್ನುತ್ತಾರೆ. ಕನ್ನಡದಲ್ಲಿ ಚೇತರಿಕೆಯ ಮನೆ ಎನ್ನಬಹುದು. ಅದು ಆಸ್ಪತ್ರೆಯಲ್ಲ, ಆಶ್ರಮವೂ ಅಲ್ಲ. ವೈದ್ಯರು, ದಾದಿಯರು, ಬೀಗ ಹಾಕಿದ ಬಾಗಿಲು ಯಾವುದೂ ಅಲ್ಲಿರುವುದಿಲ್ಲ. ಸಾಮಾನ್ಯ ಬಡಾವಣೆಯ ಸಾಮಾನ್ಯ ಬಾಡಿಗೆ ಮನೆ, ಆರರಿಂದ ಹತ್ತು ಜನ, ಒಂದೇ ಅಡುಗೆಮನೆ.

ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದದ್ದು ಆಕ್ಸ್‌ಫರ್ಡ್ ಹೌಸ್. ಅದರ ಹುಟ್ಟೇ ಒಂದು ಸರ್ಕಾರಿ ಉಳಿತಾಯ ಕ್ರಮದಿಂದ ಆಯಿತು. 1975ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಸ್ಥಳೀಯ ಆಡಳಿತ ನಡೆಸುತ್ತಿದ್ದ ಹಾಫ್‌ವೇ ಹೋಮ್ ಒಂದನ್ನು ಹಣದ ಕೊರತೆಯಿಂದ ಮುಚ್ಚಲು ತೀರ್ಮಾನವಾಯಿತು. ಅಲ್ಲಿದ್ದವರಲ್ಲಿ ಪಾಲ್ ಮೊಲ್ಲಾಯ್ ಎಂಬ ವಕೀಲರೊಬ್ಬರಿದ್ದರು. ಹಿಂದೆ ಸೆನೆಟ್ ಸಮಿತಿಯಲ್ಲಿ ಕೆಲಸ ಮಾಡಿದವರು, ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡವರು. ಅವರೂ ಜೊತೆಯವರೂ ಸೇರಿ ಅದೇ ಮನೆಯನ್ನು ತಾವೇ ಬಾಡಿಗೆಗೆ ಹಿಡಿದರು. ಮಾಡಿಕೊಂಡ ನಿಯಮಗಳು ಮೂರು: ಮನೆಯನ್ನು ನಿವಾಸಿಗಳೇ ಮತ ಹಾಕಿ ನಡೆಸಬೇಕು, ಖರ್ಚನ್ನು ತಾವೇ ಹಂಚಿಕೊಳ್ಳಬೇಕು, ಕುಡಿದವನು ಮನೆ ಬಿಡಬೇಕು. ಇಷ್ಟು ದಿನ ಮಾತ್ರ ಇರಬಹುದು ಎಂಬ ಗಡುವು ಇರಲಿಲ್ಲ. ಹಳೆಯ ಮನೆಯಲ್ಲಿ ಗಡುವು ಮುಗಿದು ಹೊರಟವರು ಬಹಳ ಬೇಗ ಮತ್ತೆ ಕುಡಿತಕ್ಕೆ ಬೀಳುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅಧ್ಯಕ್ಷ, ಖಜಾಂಚಿ ಎಲ್ಲರೂ ನಿವಾಸಿಗಳೇ. ಒಬ್ಬನೇ ಯಜಮಾನನಾಗಿ ಕೂರದಂತೆ ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ಹೊಸಬನನ್ನು ಸೇರಿಸಿಕೊಳ್ಳಲು ನೂರಕ್ಕೆ ಎಂಬತ್ತು ಮತ ಬೇಕು. ಇಂದು ಇಂಥ ಮನೆಗಳ ಸಂಖ್ಯೆ ಮೂರು ಸಾವಿರವನ್ನು ದಾಟಿದೆ. ಮಹಿಳೆಯರಿಗೆ ಬೇರೆ ಮನೆಗಳಿವೆ, ಮಕ್ಕಳೊಂದಿಗೆ ಇರುವ ತಾಯಂದಿರಿಗೂ ಇವೆ.

ಲೆಕ್ಕದ ದೃಷ್ಟಿಯಿಂದ ಗಮನಿಸಬೇಕಾದದ್ದು 1988ರ ಕಾನೂನು. ಆ ವರ್ಷ ಅಮೆರಿಕದ ಸಂಸತ್ತು ಮಾದಕವಸ್ತು ವಿರೋಧಿ ಶಾಸನದಲ್ಲಿ ಒಂದು ಸಣ್ಣ ವಿಧಿ ಸೇರಿಸಿತು. ಪ್ರತಿ ರಾಜ್ಯವೂ ಒಂದು ಲಕ್ಷ ಡಾಲರಿನ ಆವರ್ತ ನಿಧಿ ಇಡಬೇಕು. ಚೇತರಿಸಿಕೊಳ್ಳುತ್ತಿರುವ ಆರು ಅಥವಾ ಹೆಚ್ಚು ಜನರ ಗುಂಪಿಗೆ ಮನೆ ಹಿಡಿಯಲು 4,000 ಡಾಲರಿನವರೆಗೆ ಸಾಲ ಕೊಡಬೇಕು. ಎರಡು ವರ್ಷದೊಳಗೆ ಕಂತುಗಳಲ್ಲಿ ಅದು ಮರಳಬೇಕು. ಮರಳಿದ ಹಣ ಮುಂದಿನ ಮನೆಗೆ ಹೋಗಬೇಕು. ಅನುದಾನವಲ್ಲ, ಸಾಲ. ಕಟ್ಟಡ ಕಟ್ಟುವಂತಿಲ್ಲ, ಶಂಕುಸ್ಥಾಪನೆಯಿಲ್ಲ, ಫಲಕದಲ್ಲಿ ಸಚಿವರ ಹೆಸರಿಲ್ಲ. ಮುಂದೆ 2000ದಲ್ಲಿ ಇದನ್ನು ರಾಜ್ಯಗಳ ಇಚ್ಛೆಗೆ ಬಿಡಲಾಯಿತಾದರೂ, ಮುನ್ನೂರು ರೂಪಾಯಿಯ ಕೆಲಸಕ್ಕೆ ಮೂರು ಸಾವಿರ ಸುರಿಯುವ ಯೋಜನೆಗಳ ನಡುವೆ ಈ ವಿಧಿ ಎದ್ದು ಕಾಣುತ್ತದೆ.

ಫಲ ದೊರೆಯಿತೇ? ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಜೇಸನ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಆಕ್ಸ್‌ಫರ್ಡ್ ಹೌಸ್‌ಗೆ, ಇನ್ನೊಂದು ಎಂದಿನ ಹೊರರೋಗಿ ಆರೈಕೆಗೆ. ಎರಡು ವರ್ಷದ ನಂತರ ಮತ್ತೆ ಮದ್ಯ ಅಥವಾ ಮಾದಕವಸ್ತು ಬಳಸುತ್ತಿದ್ದವರು ಮೊದಲ ಗುಂಪಿನಲ್ಲಿ ನೂರಕ್ಕೆ 31, ಎರಡನೆಯದರಲ್ಲಿ ನೂರಕ್ಕೆ 65. ಉದ್ಯೋಗದಲ್ಲಿದ್ದವರು ಕ್ರಮವಾಗಿ ನೂರಕ್ಕೆ 76 ಮತ್ತು 49. ತಿಂಗಳ ಸರಾಸರಿ ಆದಾಯ 989 ಡಾಲರ್ ಮತ್ತು 440 ಡಾಲರ್. 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದು. 150 ಜನ ದೊಡ್ಡ ಸಂಖ್ಯೆಯೂ ಅಲ್ಲ. ಆದರೂ ವಾಸಸ್ಥಳ ಒಂದೇ ಬದಲಾದಾಗ ಇಷ್ಟು ಅಂತರ ಬಿದ್ದದ್ದನ್ನು ತಳ್ಳಿಹಾಕುವುದೂ ಸಾಧ್ಯವಿಲ್ಲ.

ಅದೇ ದೇಶದಲ್ಲಿ ಇದರ ವಿಕೃತ ರೂಪವೂ ಬಯಲಾಗಿದೆ, ಮತ್ತು ಸಾರ್ವಜನಿಕ ಹಣ ಕೇಳುವವರು ಅದನ್ನು ಮೊದಲು ಓದಬೇಕು. ಅರಿಜೋನಾ ರಾಜ್ಯದಲ್ಲಿ 2023ರ ಮೇ ತಿಂಗಳಲ್ಲಿ ಗವರ್ನರ್ ಮತ್ತು ಅಟಾರ್ನಿ ಜನರಲ್ ಜಂಟಿಯಾಗಿ ಒಂದು ಹಗರಣವನ್ನು ಪ್ರಕಟಿಸಿದರು. ನವಾಹೋ ಮೊದಲಾದ ಮೂಲನಿವಾಸಿ ಸಮುದಾಯದ ವ್ಯಸನಿಗಳನ್ನು ವ್ಯಾನುಗಳಲ್ಲಿ ಕರೆತಂದು ಹೆಸರಿಗೆ ಮಾತ್ರ ‘ಸೋಬರ್’ ಆದ ಮನೆಗಳಲ್ಲಿ ತುಂಬಿ, ನೀಡದ ಚಿಕಿತ್ಸೆಗೆ ರಾಜ್ಯದ ಆರೋಗ್ಯ ವಿಮೆಯಿಂದ ಬಿಲ್ ಪಡೆಯಲಾಗುತ್ತಿತ್ತು. ಒಳಗಿದ್ದವರು ಕುಡಿಯಲಿ ಎಂದೇ ಬಿಟ್ಟ ಮನೆಗಳಿದ್ದವು. ಗುಣವಾದವನಿಂದ ಬಿಲ್ ಹುಟ್ಟುವುದಿಲ್ಲವಲ್ಲ. ನೂರಾರು ಸಂಸ್ಥೆಗಳ ಪಾವತಿ ನಿಂತಿತು. ನಷ್ಟದ ಅಂದಾಜು ಶತಕೋಟಿ ಡಾಲರುಗಳಲ್ಲಿದೆ. ಮನೆಗಳು ಒಮ್ಮೆಲೇ ಮುಚ್ಚಿದಾಗ ಬೀದಿಗೆ ಬಿದ್ದವರು ಅದೇ ಬಡವರು.

ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಹಣದ ಮೊತ್ತದಲ್ಲಿಲ್ಲ, ಹಣ ಹರಿಯುವ ದಾರಿಯಲ್ಲಿದೆ. ಒಂದು ಕಡೆ ತಲೆ ಎಣಿಸಿ ಬಿಲ್ ಪಾವತಿಸಲಾಯಿತು, ತಲೆಗಳು ಸರಕಾದವು. ಇನ್ನೊಂದು ಕಡೆ ಮನೆಗೆ ಸಾಲ ಕೊಟ್ಟರು, ಸಾಲ ತೀರಿಸುವ ಹೊಣೆ ನಿವಾಸಿಗಳದ್ದೇ ಆಯಿತು. ಭಾರತದಲ್ಲಿಯೂ ಕಾವಲುಗಾರರನ್ನಿಟ್ಟು ಹೊಡೆದು ಬಡಿದು ‘ಬಿಡಿಸುವ’ ಖಾಸಗಿ ಕೇಂದ್ರಗಳ ಸುದ್ದಿ ಆಗಾಗ ಬರುತ್ತಿರುವುದರಿಂದ ಈ ಎಚ್ಚರ ಇಲ್ಲಿಗೂ ಸಲ್ಲುತ್ತದೆ.

ಈಗ ಭಾರತದ ಕಾನೂನು. ಆಶ್ಚರ್ಯವೆಂದರೆ, ಕೇಳಬೇಕಾದ ಹಕ್ಕು ಪುಸ್ತಕದಲ್ಲಿ ಆಗಲೇ ಇದೆ. ಸಂವಿಧಾನದ 47ನೆಯ ವಿಧಿಯನ್ನು ಪಾನನಿಷೇಧದ ಭಾಷಣಗಳಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಉಲ್ಲೇಖಿಸುವವರು ಕಡಿಮೆ. ಆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ‘ಮಾನಸಿಕ ಅಸ್ವಸ್ಥತೆ’ಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅದೇ ಕಾಯ್ದೆಯ 18ನೆಯ ಮತ್ತು 19ನೆಯ ಪ್ರಕರಣಗಳು ಹಾಫ್‌ವೇ ಹೋಮ್, ಆಸರೆಯ ವಸತಿ, ಗುಂಪು ವಸತಿ ಮೊದಲಾದವನ್ನು ಸರ್ಕಾರ ಒದಗಿಸಬೇಕಾದ ಸೇವೆಗಳೆಂದು ಹೇಳುತ್ತವೆ. ಎರಡನ್ನೂ ಕೂಡಿಸಿ ಓದಿದರೆ ಚೇತರಿಕೆಯ ಮನೆ ದಯಾಭಿಕ್ಷೆಯಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 71ನೆಯ ಪ್ರಕರಣವೂ ವ್ಯಸನಿಗಳ ಚಿಕಿತ್ಸೆಯ ಜೊತೆಗೆ ನಂತರದ ಆರೈಕೆ, ಪುನರ್ವಸತಿ, ಸಮಾಜದೊಳಗೆ ಮರುಸೇರ್ಪಡೆಗೆ ಕೇಂದ್ರಗಳನ್ನು ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ.

ಹಣ ಎಲ್ಲಿದೆ? ಮದ್ಯದ ಮೇಲಿನ ತೆರಿಗೆ ರಾಜ್ಯಗಳದ್ದು; ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. 2025-26ರ ಕರ್ನಾಟಕ ಬಜೆಟ್ ಅಬಕಾರಿ ಇಲಾಖೆಗೆ ನಿಗದಿಪಡಿಸಿದ ಗುರಿ 40,000 ಕೋಟಿ ರೂಪಾಯಿ. ತಮಿಳುನಾಡಿನಲ್ಲಿ ಟಾಸ್ಮಾಕ್ ಮೂಲಕ 2024-25ರಲ್ಲಿ ಬಂದದ್ದು 48,000 ಕೋಟಿಗೂ ಅಧಿಕ. ಇಲಾಖೆಗೆ ‘ಗುರಿ’ ನಿಗದಿಪಡಿಸುವುದು ಎಂದರೆ ಇಷ್ಟು ಕುಡಿಸಬೇಕು ಎಂದು ಅಧಿಕಾರಿಗಳಿಗೆ ಹೇಳುವುದೇ. ಬಜೆಟ್ ಪುಸ್ತಕದ ಈ ಪದವನ್ನು ಯಾವ ಪಕ್ಷವೂ ಬದಲಿಸಿಲ್ಲ. ಇನ್ನೊಂದು ಬದಿಗೆ, ಇಡೀ ದೇಶದ ಮಾದಕವಸ್ತು ಬೇಡಿಕೆ ಕಡಿತದ ರಾಷ್ಟ್ರೀಯ ಕ್ರಿಯಾ ಯೋಜನೆಗೆ ಕೇಂದ್ರ ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ತೆಗೆದಿರಿಸುತ್ತಿರುವುದು 300 ಕೋಟಿಯ ಆಸುಪಾಸು. ಅದರಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳಿಗೆ ನೆರವಿದೆ, ಪ್ರಚಾರವಿದೆ, 14446 ಎಂಬ ಸಹಾಯವಾಣಿಯಿದೆ. ಬಿಡುಗಡೆಯಾದ ಮರುದಿನದ ಬಾಡಿಗೆಗೆ ಆ ಯೋಜನೆಗಳಲ್ಲಿ ಸಿಗುವ ಗಮನ ಅತ್ಯಲ್ಪ.

2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ಪ್ರತಿ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ಕುಟುಂಬಗಳಿಗೆ ಅದು ಬೇಕಿತ್ತು, ಅದರಲ್ಲಿ ತಕರಾರಿಲ್ಲ. ಆದರೆ ಬದುಕಿದ್ದಾಗ ಅದೇ ಮನುಷ್ಯ ಕುಡಿತ ಬಿಡುತ್ತೇನೆಂದು ಬಂದಿದ್ದರೆ, ಎರಡು ತಿಂಗಳ ಕೋಣೆ ಬಾಡಿಗೆ ಕೊಡಲು ಯಾವ ಲೆಕ್ಕಶೀರ್ಷಿಕೆಯೂ ಇರಲಿಲ್ಲ.

ಈಗ ಒಂದು ಮನೆಯ ಲೆಕ್ಕ. ಇದು ಅಂದಾಜು ಮಾತ್ರ, ಊರಿನಿಂದ ಊರಿಗೆ ಬದಲಾಗುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಎಂಟು ಜನ ಇರಬಹುದಾದ ಮನೆ. ಬಾಡಿಗೆ ತಿಂಗಳಿಗೆ 48,000. ತಾವೇ ಅಡುಗೆ ಮಾಡಿಕೊಂಡರೆ ದಿನಸಿಗೆ ತಲೆಗೆ 3,500ರಂತೆ 28,000. ವಿದ್ಯುತ್ತು, ನೀರು, ಗ್ಯಾಸ್‌ಗೆ 8,000. ಒಟ್ಟು 84,000, ತಲಾ 10,500 ರೂಪಾಯಿ. ಡೆಲಿವರಿ, ಗೋದಾಮು, ಹೋಟೆಲು, ಗಾರೆ ಕೆಲಸ ಯಾವುದಾದರೂ ಸಿಕ್ಕ ವ್ಯಕ್ತಿ ಮೂರನೆಯ ತಿಂಗಳಿನಿಂದ ಇದನ್ನು ತಾನೇ ಭರಿಸಬಲ್ಲ. ಭರಿಸಲಾಗದ್ದು ಎರಡು: ಮನೆ ಹಿಡಿಯುವಾಗ ಕೊಡಬೇಕಾದ ಅಡ್ವಾನ್ಸ್, ಮತ್ತು ಸೇರಿದ ಮೊದಲ ಎರಡು ತಿಂಗಳ ಪಾಲು. ಮೊದಲನೆಯದು ಸುಮಾರು 5 ಲಕ್ಷ. ಎರಡನೆಯದು ಪ್ರತಿ ಹೊಸಬನಿಗೆ 21,000.

ಕರ್ನಾಟಕದಲ್ಲಿ ಇಂಥ 1,000 ಮನೆಗಳು, ಅಂದರೆ 8,000 ಹಾಸಿಗೆಗಳು ಎಂದುಕೊಳ್ಳಿ. ಅಡ್ವಾನ್ಸ್‌ಗೆ 50 ಕೋಟಿ ಬೇಕು. ಪ್ರತಿ ಹಾಸಿಗೆಗೂ ವರ್ಷಕ್ಕೆ ಇಬ್ಬರು ಹೊಸಬರು ಬಂದರೆ 16,000 ಜನರ ಮೊದಲ ಎರಡು ತಿಂಗಳಿಗೆ 33.6 ಕೋಟಿ. ಐದು ಮನೆಗೊಬ್ಬರಂತೆ ಮೇಲ್ವಿಚಾರಕರು, ತಿಂಗಳಿಗೆ 25,000 ವೇತನ, 200 ಜನರಿಗೆ ವರ್ಷಕ್ಕೆ 6 ಕೋಟಿ. ಒಟ್ಟು 89.6 ಕೋಟಿ. ನಲವತ್ತು ಸಾವಿರ ಕೋಟಿಯ ಗುರಿಯ ಎದುರು ಇದು ನೂರು ರೂಪಾಯಿಗೆ ಇಪ್ಪತ್ತೆರಡು ಪೈಸೆಯಷ್ಟು. ಅಡ್ವಾನ್ಸ್ ಹಣ ಮನೆ ಮಾಲೀಕರ ಬಳಿ ಭದ್ರವಾಗಿರುತ್ತದೆ, ಮನೆ ಬಿಟ್ಟಾಗ ಮರಳುತ್ತದೆ. ಅದು ಖರ್ಚಲ್ಲ, ಆಸ್ತಿ. ಎರಡನೆಯ ವರ್ಷದಿಂದ ನಿಜವಾದ ಖರ್ಚು 39.6 ಕೋಟಿ, ನೂರು ರೂಪಾಯಿಗೆ ಹತ್ತು ಪೈಸೆ.

ಹಣ ಹರಿಯಬೇಕಾದ ದಾರಿ ಈ ಲೆಕ್ಕದಿಂದಲೇ ಹೊರಡುತ್ತದೆ. ಅಡ್ವಾನ್ಸ್ ನೇರವಾಗಿ ಮಾಲೀಕರ ಬ್ಯಾಂಕ್ ಖಾತೆಗೆ, ನೋಂದಾಯಿತ ಬಾಡಿಗೆ ಕರಾರಿನ ಮೇಲೆ. ಹೊಸಬನ ಪಾಲು ಮನೆಯ ಖಾತೆಗೆ, ಎರಡೇ ತಿಂಗಳು, ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಎಷ್ಟು ಬಾರಿ ಎಂಬ ಮಿತಿಯೊಂದಿಗೆ. ರೋಗಿಯನ್ನು ಕಳುಹಿಸಿದ್ದಕ್ಕೆ ಆಸ್ಪತ್ರೆಗೋ ಏಜೆಂಟನಿಗೋ ಕಮಿಷನ್ ಸಂಪೂರ್ಣ ನಿಷಿದ್ಧ. ಮನೆಯ ಜಮಾ-ಖರ್ಚು ಅಡುಗೆಮನೆಯ ಗೋಡೆಯ ಮೇಲೆ, ಅಲ್ಲಿರುವ ಎಂಟೂ ಜನರಿಗೆ ಕಾಣುವಂತೆ. ಹೊರಗಿನ ಆಡಿಟರು ವರ್ಷಕ್ಕೊಮ್ಮೆ ಬರುತ್ತಾರೆ, ಎಂಟು ಜನ ದಿನವೂ ಅದನ್ನು ನೋಡುತ್ತಾರೆ. ಪೂರ್ವಸೂಚನೆಯಿಲ್ಲದ ತಪಾಸಣೆ ಇರಬೇಕು. ಬಾಗಿಲಿಗೆ ಹೊರಗಿನಿಂದ ಚಿಲಕ ಇರಕೂಡದು. ವೈದ್ಯರು ಬರೆದ ಔಷಧ ತೆಗೆದುಕೊಳ್ಳುವವನನ್ನು, ಅಫೀಮು ಬಿಡಿಸುವ ಬ್ಯುಪ್ರಿನಾರ್ಫಿನ್ ಆಗಿದ್ದರೂ, ‘ಇನ್ನೂ ಶುದ್ಧನಾಗಿಲ್ಲ’ ಎಂದು ಹೊರಗಿಡಕೂಡದು. ಜೈನ ಸಂಸ್ಥೆಗಳು ನಡೆಸುವ ಮನೆಗಳಲ್ಲಿ ಈ ಕೊನೆಯ ಮಾತನ್ನು ವಿಶೇಷವಾಗಿ ಬರೆದಿಡುವುದು ಒಳ್ಳೆಯದು. ತ್ಯಾಗ ಎಂದರೆ ಮಾತ್ರೆಯನ್ನೂ ಬಿಡುವುದು ಎಂದು ತಿಳಿಯುವ ಹಿರಿಯರು ಇದ್ದೇ ಇರುತ್ತಾರೆ.

ಆಕ್ಷೇಪಗಳು ಬಾರದಿರವು. ಮದ್ಯವನ್ನೇ ನಿಷೇಧಿಸಿದರೆ ಇದೆಲ್ಲ ಏಕೆ ಎಂಬುದು ಮೊದಲನೆಯದು. ಗುಜರಾತಿನಲ್ಲಿ ರಾಜ್ಯ ಹುಟ್ಟಿದ 1960ರಿಂದಲೂ ನಿಷೇಧವಿದೆ, ಬಿಹಾರದಲ್ಲಿ 2016ರಿಂದ ಇದೆ. 2022ರ ಜುಲೈನಲ್ಲಿ ಗುಜರಾತಿನ ಬೋಟಾದ್ ಪ್ರದೇಶದಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಬಿಹಾರದ ಸಾರಣ್‌ನಲ್ಲಿ ವಿಷಮದ್ಯಕ್ಕೆ ಹತ್ತಾರು ಜನ ಬಲಿಯಾದರು. ನಿಷೇಧ ಸರಿಯೋ ತಪ್ಪೋ ಎಂಬ ವಾದ ಬೇರೆಯೇ ಒಂದು ದಿನಕ್ಕಿರಲಿ. ನಿಷೇಧವಿರುವ ರಾಜ್ಯದಲ್ಲೂ ಚೇತರಿಸಿಕೊಳ್ಳುವವನಿಗೆ ಮನೆ ಬೇಕು ಎಂಬುದಕ್ಕೆ ಆ ವಾದ ಮುಗಿಯುವವರೆಗೆ ಕಾಯಬೇಕಿಲ್ಲ. ಇನ್ನೂ ನೇರವಾಗಿ ಹೇಳುವುದಾದರೆ, ಈಡೇರದ ದೊಡ್ಡ ಬೇಡಿಕೆಯೊಂದನ್ನು ಪ್ರತಿ ವರ್ಷ ಮಂಡಿಸುತ್ತಿರುವುದರಿಂದ ಸರ್ಕಾರಗಳಿಗೆ ಅನುಕೂಲವೇ ಆಗಿದೆ. ಈಡೇರಿಸಬಹುದಾದ ಸಣ್ಣ ಬೇಡಿಕೆಯನ್ನು ಯಾರೂ ಇಟ್ಟಿಲ್ಲ.

ಕುಡಿದು ಹಾಳಾದವನಿಗೆ ದುಡಿದು ತೆರಿಗೆ ಕಟ್ಟಿದವನ ಹಣವೇಕೆ ಎಂಬುದು ಎರಡನೆಯದು. ಅಬಕಾರಿ ಹಣ ಬಂದದ್ದೇ ಅವನ ಜೇಬಿನಿಂದ. ದಿನಕ್ಕೆ ಒಂದು ಕ್ವಾರ್ಟರ್ ಕುಡಿಯುತ್ತ ಹದಿನೈದು ವರ್ಷ ಕಳೆದವನು ಖಜಾನೆಗೆ ಕಟ್ಟಿದ ತೆರಿಗೆಯ ಮುಂದೆ 21,000 ರೂಪಾಯಿ ಹೆಚ್ಚೇನಲ್ಲ. ಮತ್ತೆ ಕುಡಿದರೆ ಎಂಬ ಪ್ರಶ್ನೆಗೆ ನಿಯಮವೇ ಉತ್ತರ: ಮನೆ ಬಿಡಬೇಕು, ಚಿಕಿತ್ಸೆ ಪಡೆದು ಮತ್ತೆ ಅರ್ಜಿ ಹಾಕಬಹುದು. ಸಕ್ಕರೆ ಕಾಯಿಲೆಯವನು ಮತ್ತೆ ಸಿಹಿ ತಿಂದನೆಂದು ಆಸ್ಪತ್ರೆ ಬಾಗಿಲು ಹಾಕಿಕೊಳ್ಳುವುದಿಲ್ಲ.

ನೆರೆಹೊರೆಯವರ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರವು ಸಂಬಂಧಿಕರಲ್ಲದ ಐದಕ್ಕಿಂತ ಹೆಚ್ಚು ಜನ ಒಂದು ಮನೆಯಲ್ಲಿ ಇರಕೂಡದೆಂಬ ನಿಯಮ ತೋರಿಸಿ ಆಕ್ಸ್‌ಫರ್ಡ್ ಹೌಸ್ ಒಂದನ್ನು ಎಬ್ಬಿಸಲು ಹೊರಟಿತು. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ನಿಯಮಕ್ಕೆ ವಸತಿ ತಾರತಮ್ಯ ನಿಷೇಧದ ಕಾನೂನಿನಿಂದ ವಿನಾಯಿತಿ ಇಲ್ಲ ಎಂದಿತು. ಇಲ್ಲಿ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಯ ಒಂದು ಫೋನ್ ಕರೆಯೇ ಸಾಕು. ಬಾಡಿಗೆದಾರರನ್ನು ಸೋಸಿ ಆರಿಸುವುದರಲ್ಲಿ ಮುಂಬಯಿಯ ಜೈನ ಸೊಸೈಟಿಗಳು ಪಡೆದಿರುವ ಖ್ಯಾತಿ ಹೊಸತಲ್ಲ. ಆದರೆ ಯೋಚಿಸಿ: ಮದ್ಯದ ಹನಿಯೂ ಹೊಸ್ತಿಲು ದಾಟಕೂಡದೆಂದು ಪ್ರತಿಜ್ಞೆ ಮಾಡಿದ, ದಾಟಿಸಿದವನನ್ನು ಅದೇ ದಿನ ಹೊರಹಾಕುವ ಮನೆಗಿಂತ ಅಂಥ ಸೊಸೈಟಿಗೆ ಒಪ್ಪುವ ಬಾಡಿಗೆದಾರರು ಬೇರೆ ಯಾರು?

ಸಮಾಜದ ಕೈಯಲ್ಲಿ ಏನಿದೆ ಎಂಬುದಕ್ಕೆ ಹಳೆಯ ಮೇಲ್ಪಂಕ್ತಿಗಳಿವೆ. ಪುಣೆಯ ಮುಕ್ತಾಂಗಣವನ್ನು 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ ಆರಂಭಿಸಿದಾಗ ಪು.ಲ. ದೇಶಪಾಂಡೆ ದಂಪತಿ ನೆರವಾದರು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು ಪತಿಯನ್ನು ಕುಡಿತಕ್ಕೆ ಕಳೆದುಕೊಂಡ ನಂತರ 1980ರಲ್ಲಿ ಸಂಸ್ಥೆ ಕಟ್ಟಿದರು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ಹಳ್ಳಿಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಶಿಬಿರ ಮುಗಿಸಿದವರು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಲು ನವಜೀವನ ಸಮಿತಿಗಳಿವೆ. ಹಳ್ಳಿಯಲ್ಲಿ ಶಿಬಿರ ಮುಗಿಸಿದವನಿಗೆ ಹೋಗಲು ಸ್ವಂತ ಮನೆಯೊಂದಿರುತ್ತದೆ. ನಗರದ ವಲಸಿಗನಿಗೆ ಇಲ್ಲದಿರುವುದು ಅದೇ.

ನಗರಗಳಲ್ಲಿ ಸಮಾಜದ ಧರ್ಮಶಾಲೆಗಳಿವೆ, ಟ್ರಸ್ಟುಗಳಿವೆ. ಪಂಚಕಲ್ಯಾಣದ ವರ್ಷ ತುಂಬಿ ತುಳುಕುವ ಕೋಣೆಗಳು ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುವುದುಂಟು. ಒಂದು ಮಹಡಿಯನ್ನು ಚೇತರಿಕೆಯ ಮನೆಗೆ ಬಿಟ್ಟುಕೊಟ್ಟರೆ ಅಡ್ವಾನ್ಸಿನ ಪ್ರಶ್ನೆಯೇ ಇರುವುದಿಲ್ಲ. ಆದರೆ ಮನೆಯನ್ನು ಜೈನರಿಗೆ ಮಾತ್ರ ಎಂದು ಬರೆಯುವಂತಿಲ್ಲ. ನಿರ್ದಿಷ್ಟ ಧರ್ಮ ಅಥವಾ ಜಾತಿಯ ಹಿತಕ್ಕೆಂದೇ ಇರುವ ಸಂಸ್ಥೆಗೆ ಕೊಟ್ಟ ದೇಣಿಗೆಗೆ ತೆರಿಗೆ ರಿಯಾಯಿತಿ ದೊರೆಯದು; ಸರ್ಕಾರದ ಸಾಲವೂ ಅಂಥ ಮನೆಗೆ ಬರಬಾರದು. ಔಷಧದಾನ, ಅಭಯದಾನಗಳಿಗೆ ಪಾತ್ರನ ಗೋತ್ರ ಕೇಳುವ ಪದ್ಧತಿ ಎಂದೂ ಇರಲಿಲ್ಲ. ಕಂಪನಿಗಳನ್ನು ನಡೆಸುವ ಬಂಧುಗಳಿಗೆ 2013ರ ಕಂಪನಿ ಕಾಯ್ದೆಯ 135ನೆಯ ಪ್ರಕರಣದ ಎರಡು ಪ್ರತಿಶತ ನೆನಪಿರುತ್ತದೆ. ಆರೋಗ್ಯದ ಬಾಬಿನಲ್ಲಿ ಪ್ರತಿ ವರ್ಷ ಕಣ್ಣಿನ ಶಿಬಿರಕ್ಕೆ ಹೋಗುವ ಮೊತ್ತದಲ್ಲಿ ಒಂದು ಭಾಗವನ್ನು ಮಾರ್ಚ್ ಬರುವ ಮೊದಲೇ ಇತ್ತ ತಿರುಗಿಸಬಹುದು.

ಇಷ್ಟಾದರೂ ದಾನವು ಸರ್ಕಾರದ ಹೊಣೆಗೆ ಬದಲಿಯಾಗದು. ಟ್ರಸ್ಟುಗಳು ಹತ್ತು ಮನೆ ನಡೆಸಿ ತೋರಿಸಬಹುದು. ಸಾವಿರ ಮನೆ ಅಬಕಾರಿ ಹಣದಿಂದಲೇ ಆಗಬೇಕು. ರಾಜ್ಯಗಳ ಬಜೆಟ್ ಪೂರ್ವ ಸಲಹೆಗಳು ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ ಸಲ್ಲಬೇಕು. ಮಹಾರಾಷ್ಟ್ರ, ತೆಲಂಗಾಣ, ತಮಿಳುನಾಡುಗಳಲ್ಲಿರುವ ಕನ್ನಡ ಜೈನ ಸಂಘಗಳು ತಾವಿರುವ ರಾಜ್ಯದ ಹಣಕಾಸು ಇಲಾಖೆಗೆ ಒಂದು ಪುಟದ ಮನವಿ ಸಲ್ಲಿಸಲಿ: ಅಬಕಾರಿ ಆದಾಯದ ನೂರಕ್ಕೆ ಇಪ್ಪತ್ತೈದು ಪೈಸೆಯ ಆವರ್ತ ನಿಧಿ, ಅದಕ್ಕೊಂದು ಪ್ರತ್ಯೇಕ ಲೆಕ್ಕಶೀರ್ಷಿಕೆ, ವರ್ಷಾಂತ್ಯದಲ್ಲಿ ಮನೆವಾರು ಲೆಕ್ಕದ ಪ್ರಕಟಣೆ. ಮನವಿಯ ಜೊತೆಗೆ ಈಗಾಗಲೇ ನಡೆಯುತ್ತಿರುವ ಒಂದು ಮನೆಯ ಜಮಾ-ಖರ್ಚಿನ ಪ್ರತಿ ಇದ್ದರೆ ಅಧಿಕಾರಿ ಅದನ್ನು ಬೇಗ ಪಕ್ಕಕ್ಕಿಡಲಾರರು. ಅಂಥ ಮೊದಲ ಮನೆಗೆ ಸದ್ಯಕ್ಕೆ ಬೇಕಾಗಿರುವುದು ಬಾಡಿಗೆ ಕರಾರಿಗೆ ಟ್ರಸ್ಟಿನ ಹೆಸರಿನಲ್ಲಿ ಸಹಿ ಹಾಕಲು ಒಪ್ಪುವ ಇಬ್ಬರು ಟ್ರಸ್ಟಿಗಳು. ಎಂಟು ಜನ ಮಾಜಿ ವ್ಯಸನಿಗಳ ಹೆಸರಿಗೆ ಯಾವ ಮಾಲೀಕರೂ ಇಂದು ಮನೆ ಕೊಡುವುದಿಲ್ಲ.